ಉಳಿದ ಕಾಳಿನ ಲೆಕ್ಕ

ಕಳೆದ ಮಳೆಗಾಲದಲ್ಲಿ ಒಂದು ದಿನ ಇತಿಹಾಸದ ಶಿಕ್ಷಕರು ರಜೆಯ ಮೇಲಿದ್ದರು. ಅವರ ತಾಸನ್ನು ನಾನು ತೆಗೆದುಕೊಂಡೆ. ‘ಒಕ್ಕಲುತನವೇ ನಾಗರಿಕತೆಯ ತಾಯಿ’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ನಮ್ಮಪ್ಪನೂ ಒಕ್ಕಲುತನಾನ ಮಾಡ್ತಾನ್ರಿ. ಮತ್ತ ಕಬ್ಬು ಹ್ವಾದಮ್ಯಾಲೆ ನಮ್ಮನ್ಯಾಗ ಯಾಕ್ರಿ ಏನೂ ಉಳಿಯಂಗಿಲ್ಲ?”

ವರ್ಗವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಗಂಟೆಯಾಯಿತು. ಅಂದು ಬಾಕಿ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗನ ‘ಉಳಿಯುವುದು’ ಎಂಬ ಮಾತಿನಲ್ಲಿಯೇ ನಾಗರಿಕತೆಯ ಗುಟ್ಟು ಅಡಗಿದೆ. ಬೇಟೆಯ ಮಾಂಸ ನಾಲ್ಕು ದಿನಕ್ಕೆ ಕೆಡುತ್ತದೆ. ಒಣಗಿಸಿದ ಕಾಳು ವರ್ಷಗಟ್ಟಲೆ ಬಾಳುತ್ತದೆ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯದ ಜನ ಗೋಧಿ, ಜವೆಗೋಧಿಗಳನ್ನು ಬಿತ್ತಿ ಬೆಳೆಯತೊಡಗಿದರು. ಕಾಳು ಕೂಡಿಟ್ಟವನು ಅದನ್ನು ಬಿಟ್ಟು ದೂರ ಹೋಗಲಾರ. ಹಾಗೆ ಊರುಗಳು ನೆಲೆನಿಂತವು. ಉಂಡು ಮಿಕ್ಕ ಕಾಳಿನಿಂದ ಕುಂಬಾರ, ಕಮ್ಮಾರ, ಪೂಜಾರಿ, ದೊರೆ ಎಲ್ಲರೂ ಉಂಡರು.

ಇದು ಬಹುದೂರದ ಸಂಗತಿಯೇನಲ್ಲ. ಪುಣೆ ಜಿಲ್ಲೆಯಲ್ಲಿ ಘೋಡ ನದಿಯ ದಂಡೆಗೆ ಇನಾಮಗಾಂವ ಎಂಬ ಊರಿದೆ. ಘೋಡ ಭೀಮೆಯನ್ನು ಸೇರುತ್ತದೆ, ಭೀಮೆ ನಮ್ಮ ಕೃಷ್ಣೆಯನ್ನು ಸೇರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ ಹಲವು ವರ್ಷ ಅಲ್ಲಿ ಉತ್ಖನನ ನಡೆಸಿದರು. 3,000 ವರ್ಷಗಳಿಗೂ ಹಿಂದೆ ಅಲ್ಲಿಯ ಜನ ಕಾಲುವೆ ತೋಡಿ ಜವೆಗೋಧಿ ಬೆಳೆಯುತ್ತಿದ್ದರು. ಊರ ನಡುವೆ ಐದು ಕೋಣೆಗಳ ಮನೆಯೊಂದು ಸಿಕ್ಕಿತು. ಊರ ಮುಖ್ಯಸ್ಥನದಿರಬೇಕೆಂದು ವಿದ್ವಾಂಸರ ಊಹೆ. ಅದಕ್ಕೆ ಹೊಂದಿಕೊಂಡೇ ಕಣಜವಿತ್ತು! ಬೆಳೆದವರು ಹಲವರು, ಕಣಜ ಮಾತ್ರ ಒಬ್ಬನ ಬಗಲಿಗೆ.

ಇದನ್ನು ಓದಿದಾಗ ನಮ್ಮ ಮನೆಯ ಹಗೇವು ನೆನಪಾಯಿತು. ನಾನು ಚಿಕ್ಕವನಿದ್ದಾಗ ಅಂಗಳದ ಬಂಡೆ ಸರಿಸಿ ಹಗೇವು ತೆರೆಯುತ್ತಿದ್ದರು. ಕೆಟ್ಟ ಗಾಳಿ ಹೋಗುವವರೆಗೆ ಕಾದು, ಕಂದೀಲು ಇಳಿಬಿಟ್ಟು ನೋಡಿ, ಆಮೇಲೆ ಆಳು ಇಳಿಯುತ್ತಿದ್ದ. 1972ರ ಬರಗಾಲದಲ್ಲಿ ಆ ಹಗೇವಿನ ಜೋಳವೇ ಓಣಿಯನ್ನು ಬದುಕಿಸಿತೆಂದು ಅಜ್ಜ ಹೇಳುತ್ತಿದ್ದರು. ಆ ಮಾತಿನ ಮೇಲೆ ನನಗೆ ಬಹಳ ಅಭಿಮಾನವಿತ್ತು. ಅಜ್ಜ ತೀರಿಕೊಂಡ ಮೇಲೆ ಅವರ ಲೆಕ್ಕದ ವಹಿ ನನ್ನ ಕೈಗೆ ಬಂತು. ಚೀಲಕ್ಕೆ ಒಂದೂವರೆ ಚೀಲದಂತೆ ವಸೂಲು ಬರೆದಿತ್ತು. ಒಂದು ಹೆಸರಿನ ಮುಂದೆ ಆರು ವರ್ಷ ಜಮೆಯಾಗಿದ್ದರೂ ಬಾಕಿ ತೀರಿರಲಿಲ್ಲ. ಆ ಹೆಸರಿನ ಕೆಳಗೆ ಸಹಿಯಿರಲಿಲ್ಲ, ಹೆಬ್ಬೆಟ್ಟಿನ ಗುರುತಿತ್ತು. ಅಜ್ಜ ಜನರನ್ನು ಬದುಕಿಸಿದ್ದೂ ನಿಜ, ಈ ಲೆಕ್ಕವೂ ನಿಜ.

ಮೆಸೊಪೊಟೇಮಿಯದ ಉರುಕ್ ನಗರದಲ್ಲಿ 5,000 ವರ್ಷಗಳಿಗೂ ಹಳೆಯ ಮಣ್ಣಿನ ಹಲಗೆಗಳು ದೊರೆತಿವೆ. ಲೋಕದ ಅತಿ ಪ್ರಾಚೀನ ಬರಹಗಳಲ್ಲಿ ಅವೂ ಸೇರಿವೆ. ಅವುಗಳಲ್ಲಿ ಹೆಚ್ಚಿನವು ಕಾವ್ಯವಲ್ಲ, ಸ್ತೋತ್ರವಲ್ಲ. ಕಾಳುಕಡಿ, ಕುರಿ, ಕೂಲಿಗಳ ಲೆಕ್ಕ. ಅಕ್ಷರ ಕಲಿಸಿ ಹೊಟ್ಟೆ ಹೊರೆಯುವ ನನಗೆ ಇದು ಮೊದಲು ಕಸಿವಿಸಿಯನ್ನೇ ತಂದಿತು. ಅಜ್ಜನ ವಹಿಗೂ ಆ ಹಲಗೆಗಳಿಗೂ ನಂಟಿದೆ ಎನಿಸಿತು.

ಆದುದರಿಂದ, ಮಗು, ನಿನ್ನ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಒಕ್ಕಲಿಗನ ದುಡಿಮೆಯಲ್ಲಿ ಉಳಿಯುವುದಿಲ್ಲ ಎಂದಲ್ಲ. ಉಳಿದುದು ಅವನ ಮನೆಯಲ್ಲಿ ನಿಲ್ಲಲಿಲ್ಲ. ಪಟ್ಟಣಗಳು ಎದ್ದದ್ದು ಅದರಿಂದಲೇ. ಮ್ಹೈಸಾಳದಲ್ಲಿ ಎತ್ತಿದ ಕೃಷ್ಣೆಯ ನೀರು ಇಂದು ಜತ್ತದ ಕಡೆಯ ಒಣ ಹೊಲಗಳಿಗೂ ಹರಿಯುತ್ತದೆ. ನೀರು ಬಂದರೆ ಬೆಳೆ ಬಂದೀತು. ಲೆಕ್ಕ ತಾನಾಗಿ ಬರುವುದಿಲ್ಲ.

ವಿದ್ಯಾರ್ಥಿಗಳೇ, ಕಣಜದವನ ಕೈಯಲ್ಲಷ್ಟೇ ಅಕ್ಷರವಿದ್ದ ಕಾಲ ಹೋಯಿತು. ಈ ಸಲ ಕಬ್ಬು ಹೋದ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ತೂಕದ ಚೀಟಿ, ಗೊಬ್ಬರದ ಪಾವತಿ, ಸಾಲದ ಬಡ್ಡಿ ಎಲ್ಲವನ್ನೂ ಒಂದು ವಹಿಯಲ್ಲಿ ನಿಮ್ಮ ಕೈಯಾರೆ ಬರೆಯಿರಿ. ನಿಮ್ಮ ಕನ್ನಡದ ನಿಬಂಧಕ್ಕಿಂತ ಮೊದಲು ನಾನು ಅದನ್ನು ನೋಡುತ್ತೇನೆ.