ನಾಲ್ಕೂವರೆ ಆದ ಮೇಲೆ

ಶಾಲೆಯ ಕಡೇ ಗಂಟೆ ಬಾರಿಸಿ ಇನ್ನೂ ಹತ್ತು ನಿಮಿಷ ಆಗಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೀದಿ ತುಂಬ ಪಾಟಿಚೀಲದ ಮಕ್ಕಳು. ರಸ್ತೆಯ ಒಂದು ಮಗ್ಗುಲಿಗೆ ಮೆಕ್ಕೆಜೋಳ ಹರವಿದ್ದಾರೆ. ಅದನ್ನು ತುಳಿಯದಂತೆ ಅಂಚು ಹಿಡಿದು ಮಕ್ಕಳು ಸಾಲಾಗಿ ನಡೆಯುತ್ತಾರೆ, ಅವರ ಹಿಂದೆ ನೀವು. ನವೆಂಬರಿನ ಬಿಸಿಲು ಆಗಲೇ ಮೆತ್ತಗಾಗಿದೆ. ಹತ್ತಿ ಬಿಡಿಸುವ ಹಂಗಾಮು. ಎಷ್ಟೋ ಮನೆಗಳ ಬಾಗಿಲಿಗೆ ಚಿಲಕ ಬಿದ್ದಿದೆ. ಹೊಲಕ್ಕೆ ಹೋದ ಅವ್ವ ಬರುವುದು ದೀಪ ಹಚ್ಚುವ ಹೊತ್ತಿಗೆ. ಕೆಲವರ ಅಪ್ಪ-ಅವ್ವ ಆಗಲೂ ಬರುವುದಿಲ್ಲ. ಗುಳೆ ಹೋಗಿ ಬೆಂಗಳೂರಲ್ಲೋ ಗೋವಾದಲ್ಲೋ ಇದ್ದಾರೆ, ಮನೆಯಲ್ಲಿ ಅಜ್ಜಿ ಒಬ್ಬಳೇ.

ಚಿತ್ರಗಾರರ ಓಣಿಗೆ ತಿರುಗಿ. ಹುಣಸೆಬೀಜದ ಅಂಟಿನ ವಾಸನೆ ಮೂಗಿಗೆ ಬರುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದೆ ಹಗುರ ಮರದಲ್ಲಿ ಕೆತ್ತಿದ ಹಸು, ಬಣ್ಣ ಇನ್ನೂ ಹತ್ತಿಲ್ಲ. ಸೆಣಬಿನ ಚಿಂದಿ, ಕಟ್ಟಿಗೆಹೊಟ್ಟು, ಹುಣಸೆಬೀಜದ ಅಂಟು ಕಲಸಿ ನಾದಿದ ಕಿಟ್ಟವನ್ನು ಬೆರಳ ತುದಿಯಲ್ಲಿ ತೆಗೆದು ಕೊಂಬಿನ ಬುಡದ ಸಂದಿಗೆ ತುಂಬುತ್ತಾರೆ, ಹೆಬ್ಬೆರಳಿನಿಂದ ಒತ್ತುತ್ತಾರೆ, ಒದ್ದೆ ಬಟ್ಟೆಯಿಂದ ಸವರುತ್ತಾರೆ. ಪಕ್ಕದಲ್ಲಿ ಯೂನಿಫಾರ್ಮ್‌ನಲ್ಲೇ ಕುಕ್ಕರಗಾಲಲ್ಲಿ ಕುಳಿತ ಹುಡುಗ ಇನ್ನೊಂದು ಕೊಂಬಿಗೆ ಕೈ ಹಾಕಿದ್ದಾನೆ.

“ಅಷ್ಟು ದಪ್ಪ ಹಚ್ಚಬ್ಯಾಡೋ, ಒಣಗಿದ ಮ್ಯಾಲೆ ಸೀಳು ಬಿಡತೈತಿ.”

ಹುಡುಗ ಅರ್ಧ ತೆಗೆದು ಮತ್ತೆ ಒತ್ತುತ್ತಾನೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಸಬು ಉಳಿದು ಬಂದದ್ದು ಹೀಗೇ, ಸಂಜೆಯ ಹೊತ್ತು ದೊಡ್ಡವರ ಮಗ್ಗುಲಲ್ಲಿ ಕುಳಿತು. ಕೈಕೆಲಸ ಬಲ್ಲವರ ಮನೆಯಲ್ಲಿ ಹುಟ್ಟಿದ ಕೂಸಿಗೆ ಆ ಭಾಗ್ಯ ಉಂಟು. ಓದು-ಬರಹಕ್ಕೆ ಹಾಗೆ ಮಗ್ಗುಲಲ್ಲಿ ಕೂರಿಸಿಕೊಳ್ಳುವವರು ಎಲ್ಲ ಮನೆಗಳಲ್ಲೂ ಇಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 58ರ ಹತ್ತಿರ ಇತ್ತು. ಇವತ್ತು ನಾಲ್ಕನೇ ಇಯತ್ತೆಯ ಲೆಕ್ಕ ಹಿಡಿದು ಕುಳಿತ ಮಗುವಿನ ಅವ್ವ ಆ ಎಣಿಕೆಯಲ್ಲಿ ಹೊರಗುಳಿದ ಹುಡುಗಿಯೇ ಆಗಿರಬಹುದು.

ಇನ್ನು ನಡೆಯಿರಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ.

“ಬರ್ರಿ, ಒಳಗ ಬರ್ರಿ. ಚಪ್ಲಿ ಅಲ್ಲೇ ಬಿಡ್ರಿ,” ಅನ್ನುತ್ತಾರೆ ಮೇಲ್ವಿಚಾರಕರು, ಕಣ್ಣು ಹಾಜರಿ ಪುಸ್ತಕದ ಮೇಲೇ ಇದೆ. ಬಾಗಿಲಲ್ಲಿ ಸಣ್ಣ ಚಪ್ಪಲಿಗಳ ರಾಶಿ. ಗೋಡೆಯ ಬದಿಗೆ ದಿನಪತ್ರಿಕೆ ಓದುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮುಂದಿಟ್ಟುಕೊಂಡ ಇಬ್ಬರು ಯುವಕರು. ನಡುವಿನ ಜಮಖಾನೆ ಪೂರ್ತಿ ಮಕ್ಕಳದು. ಒಬ್ಬಳು ಗಟ್ಟಿಯಾಗಿ ಓದುತ್ತಿದ್ದಾಳೆ, ಇನ್ನೊಬ್ಬಳು ಅವಳ ಬೆರಳಿನ ಜೊತೆಗೇ ಕಣ್ಣು ಓಡಿಸುತ್ತಾಳೆ. ಒತ್ತಕ್ಷರ ಬಂದ ಕಡೆ ಇಬ್ಬರೂ ನಿಲ್ಲುತ್ತಾರೆ. ಹಿಂದಿನಿಂದ ಯಾರೋ ಹೇಳಿಕೊಡುತ್ತಾರೆ, ಮತ್ತೆ ಓದು ಹೊರಡುತ್ತದೆ.

ಈ ಜಮಖಾನೆಗೆ ಒಂದು ಚರಿತ್ರೆಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೋವಿಡ್‌ನಿಂದ ಶಾಲೆಗಳಿಗೆ ಬೀಗ ಬಿತ್ತು. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಶುರುವಾಯಿತು: 6ರಿಂದ 18 ವರ್ಷದ ಎಲ್ಲ ಮಕ್ಕಳಿಗೂ ಗ್ರಂಥಾಲಯದ ಸದಸ್ಯತ್ವ ಉಚಿತ. ಅದುವರೆಗೆ ಊರ ಗ್ರಂಥಾಲಯವೆಂದರೆ ಹಿರಿಯರು ಪೇಪರು ಓದುವ ಜಾಗ. ಈಗ ಅದಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿದೆ. ನನ್ನ ಮಟ್ಟಿಗೆ, ಈಚಿನ ವರ್ಷಗಳಲ್ಲಿ ಹಳ್ಳಿಯ ಮಕ್ಕಳಿಗಾಗಿ ಸರ್ಕಾರ ಮಾಡಿದ ಅತ್ಯಂತ ದೊಡ್ಡ ಕೆಲಸಗಳಲ್ಲಿ ಇದೊಂದು, ಇದರ ಮಾತು ಮಾತ್ರ ಎಲ್ಲೂ ಕೇಳಿಸುವುದಿಲ್ಲ.

ಖರ್ಚು ಎಲ್ಲಿಂದ? ಊರಲ್ಲಿ ನೂರು ರೂಪಾಯಿ ಮನೆ ಕರ ಕಟ್ಟಿದರೆ ಅದರ ಮೇಲೆ ಆರು ರೂಪಾಯಿ ಗ್ರಂಥಾಲಯದ ಕರ ಬೀಳುತ್ತದೆ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಪದ್ಧತಿ. ಎದುರುಮನೆಯ ಜಗಲಿಯಲ್ಲಿ ಎಲೆ-ಅಡಿಕೆ ಹಾಕುತ್ತ ಕುಳಿತ ಅಜ್ಜನೂ ಈ ಸಂಜೆಗೆ ದುಡ್ಡು ಕೊಟ್ಟವನೇ.

ಅಷ್ಟರಲ್ಲಿ ಬಾಗಿಲ ಬಳಿ ದಾರಿ ಬಿಡುವ ಗದ್ದಲ. ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಂದಿದ್ದಾಳೆ. ಅವನಿಗೆ ಒಂಬತ್ತೋ ಹತ್ತೋ ವರ್ಷ. ಕಾಲುಗಳಲ್ಲಿ ಶಕ್ತಿಯಿಲ್ಲ, ಮಾತು ತೊದಲು. ಗೋಡೆಗೆ ಒರಗಿಸಿ ಕೂರಿಸಿ, ಜಾರದಂತೆ ತನ್ನ ಪಾಟಿಚೀಲವನ್ನು ಅವನ ಪಕ್ಕೆಗೆ ಒತ್ತರಿಸಿ, ತೊಡೆಯ ಮೇಲೆ ಚಿತ್ರದ ಪುಸ್ತಕ ತೆರೆದಿಡುತ್ತಾಳೆ. ಅವನು ಅಂಗೈಯ ಮಗ್ಗುಲಿನಿಂದ ಹಾಳೆ ತಿರುವಲು ನೋಡುತ್ತಾನೆ. ಎರಡು ಹಾಳೆ ಒಟ್ಟಿಗೆ ಬರುತ್ತವೆ. ಬಿಡಿಸಲು ಆಗುವುದಿಲ್ಲ. ಪಕ್ಕದ ಹುಡುಗ ತನ್ನ ಪುಸ್ತಕದಿಂದ ತಲೆ ಎತ್ತದೆಯೇ ಕೈ ಚಾಚಿ ಒಂದು ಹಾಳೆ ಬಿಡಿಸಿಕೊಡುತ್ತಾನೆ. ಆನೆ ಬಂದಿದೆ. ತಮ್ಮ ನಗುತ್ತಾನೆ, ಬೆರಳು ಆನೆಯ ಮೇಲೆ ಊರುತ್ತಾನೆ.

“ದಿನಾ ಹಿಂಗ ಹೊತ್ಗೊಂಡ ಬರ್ತೀಯೇನವಾ?” ನೀವು ಕೇಳುತ್ತೀರಿ.

“ಹೂಂ ರೀ. ಅವ್ವ ಹತ್ತಿ ಬಿಡಸಾಕ ಹೋಗ್ಯಾಳ್ರಿ. ಇವನ ಬಿಟ್ಟು ನಾನೊಬ್ಬಾಕಿ ಹ್ಯಾಂಗ ಬರ್ಲಿ?”

ಈ ಹುಡುಗನ ಹೆಸರಿಗೂ ಸರ್ಕಾರದಲ್ಲಿ ಹಣವಿದೆ. ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣ ವಿಭಾಗದಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಲೆಕ್ಕ ಹಾಕಿದ್ದಾರೆ. ಶಾಲೆಗೆ ಕರೆತರುವವರಿಗೆ ಬೆಂಗಾವಲು ಭತ್ಯೆ, ದೂರದವರಿಗೆ ಸಾರಿಗೆ ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನ, ಶಾಲೆಗೆ ಬರಲಾಗದಷ್ಟು ತೊಂದರೆ ಇರುವವರಿಗೆ ಗೃಹಾಧಾರಿತ ಶಿಕ್ಷಣ. ತಾಲ್ಲೂಕಿಗೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರೂ ಇದ್ದಾರೆ. ಪಂಚಾಯಿತಿ ತನ್ನ ಹಣದಲ್ಲಿ ನೂರಕ್ಕೆ 5ರಷ್ಟನ್ನು ಅಂಗವಿಕಲರಿಗೆಂದೇ ತೆಗೆದಿಡಬೇಕು. ಇಷ್ಟೆಲ್ಲ ಇದ್ದೂ ಬೆಂಗಾವಲು ಭತ್ಯೆ ಶಾಲೆಯ ಗಂಟೆಗೆ ನಿಲ್ಲುತ್ತದೆ. ನಾಲ್ಕೂವರೆಯ ಮೇಲೆ ಅವನ ಬೆಂಗಾವಲು ಈ ಹುಡುಗಿಯ ಸೊಂಟ. ಅವಳಿಗೂ ನಾಳೆ ವಿಜ್ಞಾನದ ಪರೀಕ್ಷೆಯಿದೆ; ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಣ್ಣು ತಮ್ಮನ ಮೇಲೆ.

ಹಣ ಇಲ್ಲವೆಂದು ಹೇಳುವಂತಿಲ್ಲ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಮುಂದೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರ ಹಿಂದೆ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2024-25ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕದ ಆ ಮಂಡಳಿಗೆ 5,000 ಕೋಟಿ ರೂಪಾಯಿ. ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಮಂಡಳಿಯ ಹಣದ ನಾಲ್ಕನೇ ಒಂದು ಭಾಗ ಶಿಕ್ಷಣಕ್ಕೆ. ಕೊಠಡಿ ಬೇಕು, ಶೌಚಾಲಯ ಬೇಕು, ಕಂಪ್ಯೂಟರೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅನುದಾನ ವಸ್ತುವಿಗೆ ಬಂದಷ್ಟು ಸಲೀಸಾಗಿ ಹೊತ್ತಿಗೆ ಬರುವುದಿಲ್ಲ. ಕುರ್ಚಿ ಕೊಂಡರೆ ಬಿಲ್ಲು ಇರುತ್ತದೆ, ಫೋಟೊ ಇರುತ್ತದೆ. ಐದರಿಂದ ಏಳರವರೆಗೆ ಒಬ್ಬರು ಮಕ್ಕಳ ನಡುವೆ ಕುಳಿತು ಒತ್ತಕ್ಷರ ತಿದ್ದಿದ್ದಕ್ಕೆ ಯಾವ ಬಿಲ್ಲು? ಹತ್ತನೆಯವರಿಗೆ ಶಾಲೆಯಲ್ಲೇ ವಿಶೇಷ ತರಗತಿ ನಡೆಯುತ್ತದೆ, ಫಲಿತಾಂಶದ ಒತ್ತಡ ಅಷ್ಟಿದೆ. ನಾಲ್ಕನೆಯವರ ಫಲಿತಾಂಶವನ್ನು ಯಾವ ಪೇಪರೂ ಅಚ್ಚು ಹಾಕುವುದಿಲ್ಲ.

ಅಮೆರಿಕದಲ್ಲಿ ಶಾಲೆ ಬಿಟ್ಟ ಮೇಲಿನ ಹೊತ್ತಿಗೇ ಅಂತ ಒಕ್ಕೂಟ ಸರ್ಕಾರ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮಿಕ್ಕಿ ಅನುದಾನ ಕೊಡುತ್ತದೆ. ಆ ಮೊತ್ತದ ಜೊತೆ ನಮ್ಮದನ್ನು ತೂಗಿ ಪ್ರಯೋಜನವಿಲ್ಲ. ಕಲಿಯಬೇಕಾದದ್ದು ಒಂದೇ: ಅಲ್ಲಿ ಆ ಎರಡು-ಮೂರು ತಾಸಿಗೆ ತನ್ನದೇ ಒಂದು ಲೆಕ್ಕದ ಶೀರ್ಷಿಕೆ ಇದೆ. ಕಲಿಸುವವರಿಗೆ, ಕರೆದೊಯ್ಯುವ ಗಾಡಿಗೆ ಅದರಿಂದ ಹಣ ಕೇಳಬಹುದು. ಇಲ್ಲಿ ಗ್ರಂಥಾಲಯ ಒಂದು ಇಲಾಖೆ, ಶಾಲೆ ಇನ್ನೊಂದು, ಅಂಗವಿಕಲರ ಕಲ್ಯಾಣ ಮತ್ತೊಂದು. ಮಗು ಮಾತ್ರ ಒಂದೇ, ಮೂರೂ ಕಡತಗಳಲ್ಲಿ ಅದರ ಹೆಸರಿದೆ.

ಆರು ಗಂಟೆಗೆ ಹೊರಗೆ ಕತ್ತಲು. ಟ್ಯೂಬ್‌ಲೈಟ್ ಹೊತ್ತಿಕೊಳ್ಳುತ್ತದೆ. ಸಣ್ಣವನೊಬ್ಬ ಪುಸ್ತಕ ಮಡಚಿ ಏಳುತ್ತಾನೆ.

“ಯಾಕೋ, ಮುಗೀತಾ?”

“ಹಸಿವಿ ಆಗೈತ್ರಿ ಸರ್.”

ಮಧ್ಯಾಹ್ನದ ಬಿಸಿಯೂಟ ಆಗಿ ಐದು ತಾಸಿನ ಹತ್ತಿರ ಬಂತು. ಬೆಳಿಗ್ಗೆ ಶಾಲೆಯಲ್ಲಿ ಹಾಲು ಕುಡಿದದ್ದು ಯಾವ ಕಾಲದ ಮಾತೋ. ಸಂಜೆ ಓದಿಸುವ ಯಾವ ಯೋಜನೆಯೂ ಮೊದಲು ಲೆಕ್ಕ ಹಾಕಬೇಕಾದದ್ದು ಒಂದು ಹಿಡಿ ಶೇಂಗಾ-ಬೆಲ್ಲವನ್ನು. ಮೇಲ್ವಿಚಾರಕರು ಡ್ರಾವರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಒಡೆಯುತ್ತಾರೆ. ಅವರ ಸ್ವಂತ ದುಡ್ಡು. ಕೇಳಿದರೆ “ಇರ್ಲಿ ಬಿಡ್ರಿ” ಅನ್ನುತ್ತಾರೆ. ಆ ಮಾತಿನ ಮೇಲೆ ಎಷ್ಟು ಊರುಗಳ ಸಂಜೆಗಳು ನಿಂತಿವೆಯೋ! ಹಾಗೆ ನಿಲ್ಲಬಾರದು. ಒಬ್ಬ ಒಳ್ಳೆಯ ಮನುಷ್ಯನಿಗೆ ವರ್ಗವಾದರೆ, ಜ್ವರ ಬಂದರೆ, ಬೇಸರವಾದರೆ ಮುಗಿದುಹೋಗುವ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು.

ಜಮಖಾನೆಯ ಮೂಲೆಯಲ್ಲಿ ನಾಲ್ಕೈದು ಹುಡುಗಿಯರು ಒಂದು ಹಾಳೆಯ ಸುತ್ತ ಬಾಗಿದ್ದಾರೆ. ಮಕ್ಕಳ ಗ್ರಾಮಸಭೆ ಬರಲಿದೆ. ಪಂಚಾಯಿತಿಯ ಮುಂದೆ ಮಕ್ಕಳೇ ನಿಂತು ಬೇಡಿಕೆ ಇಡುವ, ಅಧ್ಯಕ್ಷರು-ಪಿಡಿಒ ಉತ್ತರ ಕೊಡಬೇಕಾದ ಸಭೆ. ಬರೆಯುತ್ತಿರುವವಳು ತಮ್ಮನನ್ನು ಹೊತ್ತು ತಂದ ಹುಡುಗಿ. ಮೊದಲ ಸಾಲು: ‘ಸಂಜೆ ಹೇಳಿಕೊಡಲು ಒಬ್ಬರು ಬೇಕು.’

ಮೇಲ್ವಿಚಾರಕರು ಹಾಳೆ ನೋಡುತ್ತಾರೆ. “ಇಷ್ಟ ಬರದ್ರ ಸಾಲದವಾ. ಎಷ್ಟು ಹೊತ್ತಿಗೆ, ಎಷ್ಟು ಮಂದಿಗೆ, ಯಾಕ ಬೇಕು, ಎಲ್ಲಾ ಬರಿ. ಕ್ರಿಯಾಯೋಜನೆದಾಗ ಹಾಕ್ಬೇಕಂದ್ರ ಅವ್ರಿಗೆ ಲೆಕ್ಕ ಬೇಕು.”

ಅವಳು ಆ ಸಾಲು ಹೊಡೆದುಹಾಕಿ ಮತ್ತೆ ಶುರು ಮಾಡುತ್ತಾಳೆ. ಐದರಿಂದ ಏಳು ಗಂಟೆ. ವಾರಕ್ಕೆ ಆರು ದಿನ. ಸಣ್ಣವರಿಗೆ ತಿನ್ನಲು ಏನಾದರೂ. ನಡೆಯಲು ಬರದವರನ್ನು ಕರೆತರಲು, ಬಿಟ್ಟುಬರಲು ಒಬ್ಬರು. ಅಲ್ಲಿ ಪೆನ್ನು ನಿಲ್ಲಿಸಿ ಗೆಳತಿಯರನ್ನು ಕೇಳುತ್ತಾಳೆ: “ಊರಾಗ ಇವನಂಗ ಇನ್ನ ಎಷ್ಟ ಮಂದಿ ಅದಾರ?” ಒಬ್ಬಳು ತನ್ನ ಓಣಿಯ ಹೆಸರು ಹೇಳುತ್ತಾಳೆ, ಇನ್ನೊಬ್ಬಳು ತನ್ನ ಓಣಿಯದು. ಹಾಳೆಯ ಹಿಂಬದಿಯಲ್ಲಿ ಅವರು ಓಣಿವಾರು ಎಣಿಸತೊಡಗುತ್ತಾರೆ.