ಮಾಮಾನ ಹೊಂಡ

ಜೆಸಿಬಿ ಬಂದು ಮಾಮಾನ ಹಿತ್ತಲ ಗೋಡೆ ಕೆಡವಿದ ದಿನ, ಮಧ್ಯಾಹ್ನದ ಊಟದೊಳಗೆ ನವನಗರದ ಆ ಸೆಕ್ಟರಿನಲ್ಲಿ ಮೂರು ಸುದ್ದಿ ಹಬ್ಬಿದವು. ಬೋರು ಬತ್ತಿದೆ, ಬಾಂವಿ ತೋಡಸಾಕ ಹತ್ಯಾನ ಎಂದರು ಕೆಲವರು. ಬಾಡಿಗೆಗೆ ನೆಲಮಾಳಿಗೆ ಎಂದರು ಲೆಕ್ಕ ಬಲ್ಲವರು. ಉಳಿದವರೆಲ್ಲ ನಿಧಿ ಎಂದರು. ಚಾಲುಕ್ಯರು ಆಳಿದ ಸೀಮೆಯಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಗುದ್ದಲಿ ಹಾಕಿದರೂ ನಿಧಿಯ ಮಾತು ಏಳುತ್ತದೆ, ಅದಕ್ಕೆ ಬೇಸರಪಟ್ಟು ಉಪಯೋಗವಿಲ್ಲ. ಮಾಮಾ ಈಸಲಿಕ್ಕೆ ಹೊಂಡ ಕಟ್ಟಿಸುತ್ತಿದ್ದಾನೆ ಎಂಬುದನ್ನು ಮಾತ್ರ ಯಾರೂ ಊಹಿಸಲಿಲ್ಲ. ಹೇಳಿದಾಗ ನಂಬಲೂ ಇಲ್ಲ.

ಅತ್ತಿ ನಂಬಿದಳು. ನಂಬಿದ ಮೇಲೆ ಮಾಮಾನ ಸಂಗಡ ಮಾತು ಬಿಟ್ಟು ನನ್ನ ಸಂಗಡ ಆಡತೊಡಗಿದಳು. "ನಳಕ್ಕ ನೀರು ಯಾವಾಗ ಬರತಾವೋ ಅಂತ ಕೊಡ ಇಟಗೊಂಡು ಕುಂದ್ರಾಕಿ ನಾನು. ಇಂವಗ ಈಸೂದು ಬೇಕಾಗೇತಿ. ಅರವತ್ತೈದು ದಾಟಿದ ಮ್ಯಾಲ!"

ಮಾಮಾ ಎಲ್ಲರಿಗೂ ಹೇಳುತ್ತಿದ್ದ ಕಾರಣ ಮೊಮ್ಮಕ್ಕಳದು. ಬೆಂಗಳೂರಿನಿಂದ ಬೇಸಿಗೆ ಸೂಟಿಗೆ ಬಂದ ಹುಡುಗರು ಮರುದಿನವೇ ಟಿಕೆಟ್ ಕೇಳುತ್ತಾರಂತೆ. ಇರಬಹುದು. ಆದರೆ ಮಾಮಾ ಹುಟ್ಟಿದ್ದು ಹಳೇ ಬಾಗಲಕೋಟೆಯ ಹೊಳೆಕಡೆಯ ಓಣಿಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಘಟಪ್ರಭೆಯಲ್ಲಿ ಈಸು ಕಲಿತವನು. ಆಲಮಟ್ಟಿಯ ಹಿನ್ನೀರಿಗೆ ಆ ಓಣಿ ಹೋಯಿತು. ಪರಿಹಾರ ಬಂತು, ನವನಗರದಲ್ಲಿ ಪ್ಲಾಟು ಬಂತು, ವಿಳಾಸದಲ್ಲಿ ಓಣಿಯ ಹೆಸರಿದ್ದ ಜಾಗಕ್ಕೆ ಸೆಕ್ಟರ್ ನಂಬರ್ ಬಂತು. ನೀರಿಗೇನೂ ಕೊರತೆಯಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಊರ ಮಗ್ಗುಲಲ್ಲೇ ಸಮುದ್ರದಷ್ಟು ಹರಡಿಕೊಂಡಿರುತ್ತದೆ. ಆದರೆ ಅದರಲ್ಲಿ ಇಳಿಯಲು ಹಳಬರಿಗೆ ಮನಸ್ಸು ಬಾರದು. ಕಾಲ ಕೆಳಗೆ ಯಾರ ಪಡಸಾಲೆ ಇದೆಯೋ, ಯಾರ ಬಾಂವಿಯೋ.

ಹೊಂಡದ ಅಳತೆ ದೊಡ್ಡದೇನಲ್ಲ. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕೂವರೆ ಅಡಿ ನೀರು. ಗುಣಿಸಿದರೆ 900 ಘನ ಅಡಿ, ಲೀಟರಿನಲ್ಲಿ ಸುಮಾರು 25,500. ಐದು ಸಾವಿರ ಲೀಟರಿನ ಟ್ಯಾಂಕರು ಐದು ಸಲ ಬಂದು ಹೋದರೆ ಹೆಚ್ಚುಕಡಿಮೆ ತುಂಬಿತು. ಬಾಗಲಕೋಟೆಯವರಿಗೆ ಲೀಟರಿನ ಲೆಕ್ಕ ರುಚಿಸುವುದಿಲ್ಲ, ನಮಗೆ ಟಿಎಂಸಿಯೇ ಆಗಬೇಕು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಮಾಮಾನ ಹೊಂಡಗಳು ಹನ್ನೊಂದು ಲಕ್ಷ ಸೇರಿದರೂ ಒಂದು ಟಿಎಂಸಿ ತುಂಬುವುದಿಲ್ಲ. ಆಲಮಟ್ಟಿಯಲ್ಲಿ ನಿಲ್ಲುವುದು 123 ಟಿಎಂಸಿ. ಈ ಲೆಕ್ಕವನ್ನು ಅತ್ತಿಗೆ ಹೇಳಿ ಸಮಾಧಾನ ಮಾಡಲು ನೋಡಿದೆ. "ಹಂಗಾರ ಆಲಮಟ್ಟಿಗೇ ಹೋಗಿ ಈಸಲಿ" ಎಂದಳು.

ಗೌಂಡಿ ಬಾದಾಮಿ ಕಡೆಯವನು. ಮೊದಲ ದಿನ ತಗ್ಗಿಗಿಳಿದವನೇ ಒಂದು ಹಿಡಿ ಮಣ್ಣು ತೆಗೆದು, ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದು ಹಗ್ಗ ಮಾಡಿದ. ಹಗ್ಗ ಮುರಿಯಲಿಲ್ಲ. "ಎರಿ ಐತ್ರಿ ಸಾಹೇಬ್ರ, ಇದನ್ನ ಪೂರಾ ತೆಗಿಬೇಕು" ಎಂದ. ಹುನಗುಂದದ ರೈತರು ತಲೆಮಾರುಗಳಿಂದ ಒಡ್ಡು ಹಾಕಿ ಹಾಕಿ, ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಯುವುದು ಇಂಥ ಮಣ್ಣಿನ ಮೇಲೆಯೇ. ಹೊಲಕ್ಕೆ ಅದು ಭಾಗ್ಯ, ಗೋಡೆಗೆ ಶನಿ. ನೀರು ಕುಡಿದರೆ ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಅದರ ನಡುವೆ ನಿಂತ ಕಾಂಕ್ರೀಟನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಕೈಬಿಡುತ್ತದೆ. ಹೀಗಾಗಿ ಗರಸು ಸಿಗುವವರೆಗೆ ತೋಡಿ, ಸುತ್ತಲೂ ಒಂದೂವರೆ ಅಡಿ ಎರೆ ಕೆತ್ತಿ ತೆಗೆದು, ಆ ಸಂದಿಗೆ ಗರಸನ್ನೇ ತುಂಬಿ ದಮ್ಮಸು ಮಾಡಬೇಕಾಯಿತು. ಹೊಂಡಕ್ಕಿಂತ ಹೊಂಡದ ಹೊರಗಿನ ಕೆಲಸಕ್ಕೇ ಹೆಚ್ಚು ಖರ್ಚು ಎಂದು ಮಾಮಾ ಗೊಣಗಿದ.

ಅದರ ಮೇಲೆ ಗೌಂಡಿ ಇನ್ನೊಂದು ಮಾತು ಹೇಳಿದ. ಕಟ್ಟಿದ ಮೇಲೆ ಮಳೆಗಾಲದಲ್ಲಿ ಹೊಂಡ ಖಾಲಿ ಬಿಡಬಾರದು.

"ಯಾಕ?"

"ತೇಲತೈತ್ರಿ."

ಮಾಮಾ ನನ್ನ ಮುಖ ನೋಡಿದ. ನಾನು ಗೌಂಡಿಯ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ. ನೆಲದೊಳಗಿನ ನೀರು ಮೇಲೇರಿದಾಗ ಖಾಲಿ ಹೊಂಡದ ತಳವನ್ನು ಕೆಳಗಿನಿಂದ ಎತ್ತುತ್ತದೆ. ಒಳಗೆ ನೀರಿದ್ದರೆ ಆ ಭಾರವೇ ಅದನ್ನು ಕೂರಿಸುತ್ತದೆ. ಇಲ್ಲದಿದ್ದರೆ ಕಬ್ಬಿಣ, ಖಡಿ, ಟೈಲ್ಸು ಸಮೇತ ಇಡೀ ತೊಟ್ಟಿ ಒಂದು ಮೂಲೆಯಿಂದ ಏಳುತ್ತದೆ, ತಳ ಸೀಳುತ್ತದೆ. ಈಜುಕೊಳ ಕಟ್ಟುವವರಿಗೆಲ್ಲ ಗೊತ್ತಿರುವ ಸಂಗತಿಯಂತೆ. ಅದಕ್ಕೆಂದೇ ತಳದಲ್ಲಿ ಒಂದು ವಾಲ್ವು ಇಡುತ್ತಾರೆ, ಹೊರಗಿನ ಒತ್ತಡ ಹೆಚ್ಚಾದರೆ ಅದು ತಾನೇ ತೆರೆದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಮ್ಮೆ ಮನೆ ಮುಳುಗಿಸಿಕೊಂಡ ಮನುಷ್ಯನಿಗೆ, ಈ ಸಲ ತೇಲಬಹುದು ಎಂದು ಹೇಳಿದರೆ ಹೇಗಿರಬೇಡ! ಮಾಮಾ ವಾಲ್ವು ಎರಡು ಹಾಕಲು ಹೇಳಿದ.

ಕಬ್ಬಿಣ ಕಟ್ಟುವ ಕೆಲಸ ನೋಡಲು ಬೇಸರ, ಬಿಟ್ಟುಬಿಡುತ್ತೇನೆ. ಕಾಂಕ್ರೀಟ್ ಹಾಕಿದ ದಿನ ಮಾತ್ರ ನೋಡುವಂಥದು. ತಳಕ್ಕೆ ಬೆಳಿಗ್ಗೆ ಶುರು ಮಾಡಿದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಅರ್ಧಕ್ಕೆ ನಿಂತು, ಹಾಕಿದ್ದು ಬಿಗಿದ ಮೇಲೆ ಮತ್ತೆ ಹಾಕಿದರೆ ಎರಡೂ ಕೂಡುವ ಗೆರೆಯಲ್ಲೇ ನೀರು ದಾರಿ ಹುಡುಕುತ್ತದೆ. ಮಿಕ್ಸರ್ ಗರಗರ ತಿರುಗುತ್ತಲೇ ಇತ್ತು. ಉಸುಕು, ಖಡಿ ಹೊರುವ ಹೆಣ್ಣುಮಕ್ಕಳು ಪಾಳಿಯ ಮೇಲೆ ಉಂಡರು. ಮಾತು ಬಿಟ್ಟಿದ್ದ ಅತ್ತಿ ಅಂದು ಎಲ್ಲರಿಗೂ ಚಹಾ ಮಾಡಿ ಮಾಡಿ ಕೊಟ್ಟಳು. ಮರುದಿನದಿಂದ ಗೋಣಿತಟ್ಟು ಹೊದಿಸಿ ನೀರು ಹೊಡೆಯುವ ಕೆಲಸವನ್ನು ಯಾರೂ ಹೇಳದೆ ತಾನೇ ವಹಿಸಿಕೊಂಡಳು. ಕಾರಣ ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಂಚಿಗೆ ಹಾಸುವ ಕಲ್ಲಿಗಾಗಿ ಇಳಕಲ್ಲಿಗೆ ಹೋದೆವು. ಸೀರೆ ಊರು ಎಂದು ಹೊರಗಿನವರು ತಿಳಿದ ಇಳಕಲ್ಲಿನ ಇನ್ನೊಂದು ಕಸುಬು ಕೆಂಪು ಗ್ರಾನೈಟು. ಇಲ್ಲಿನ ಕಲ್ಲು ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತದೆ. ಕನ್ನಡಿಯಂತೆ ಹೊಳೆಯುವ ಪಾಲಿಶ್ ಕಲ್ಲನ್ನು ಮಾಮಾ ಸವರಿ ಸವರಿ ನೋಡಿದ. ಗೌಂಡಿ ಬೇಡವೆಂದ. ಒದ್ದೆ ಕಾಲು ಇಟ್ಟರೆ ಜಾರುತ್ತದೆ. ಬೆಂಕಿ ಹಾಯಿಸಿ ಮೈ ಒರಟು ಮಾಡಿದ್ದೇ ಆಗಬೇಕು. ಮಾಮಾನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅತ್ತಿ ಪೇಟೆಗೆ ಹೋಗಿ ಕೆಂಪು ಸೆರಗಿನ ಸೀರೆ ತಂದಿದ್ದಳು. ಅದು ಹೊಂಡದ ಖರ್ಚಿನಲ್ಲೇ ಸೇರಬೇಕೆಂದು ತೀರ್ಮಾನವೂ ಮಾಡಿಯಾಗಿತ್ತು.

ಹಿಂದಿರುಗುವಾಗ ಕೂಡಲಸಂಗಮಕ್ಕೆ ಹೋಗೋಣ ಎಂದದ್ದು ಗೌಂಡಿ. ಭಕ್ತಿ ಎಂದುಕೊಂಡೆವು, ಅರ್ಧ ನಿಜ. ಕೃಷ್ಣೆ, ಮಲಪ್ರಭೆ ಕೂಡುವ ಅಲ್ಲಿಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಬರುತ್ತದೆ. ಬಸವಣ್ಣನ ಐಕ್ಯಸ್ಥಳ ಮುಳುಗಬಾರದೆಂದು ಸುತ್ತ ಬಾಂವಿಯ ಹಾಗೆ ದುಂಡನೆಯ ಗೋಡೆ ಎಬ್ಬಿಸಿದ್ದಾರೆ. ದಂಡೆಯಿಂದ ಸೇತುವೆ ಮೇಲೆ ನಡೆದುಹೋಗಿ, ಮೆಟ್ಟಿಲಿಳಿದು ತಳ ಮುಟ್ಟಬೇಕು. ಹೊಳೆ ತುಂಬಿದ ದಿನಗಳಲ್ಲಿ ಅಲ್ಲಿ ಕೈಮುಗಿದು ನಿಂತವರ ತಲೆಗಿಂತ ಎಷ್ಟೋ ಮೇಲೆ ಹೊರಗಿನ ನೀರು ನಿಂತಿರುತ್ತದೆ. ಎಲ್ಲರೂ ಲಿಂಗಕ್ಕೆ ನಮಸ್ಕಾರ ಮಾಡಿ ಹೊರಟರೆ, ಗೌಂಡಿ ನಮಸ್ಕಾರ ಮುಗಿಸಿ ಗೋಡೆಯ ಕಡೆ ತಿರುಗಿದ. ಅಂಗೈ ಒತ್ತಿ ನೋಡಿದ. ಮೊಣಕಾಲೂರಿ ಗೋಡೆ, ನೆಲ ಕೂಡುವ ಮೂಲೆಯಲ್ಲಿ ಬೆರಳು ಆಡಿಸಿದ. ಹಿಂದಿನಿಂದ ಬಂದ ಭಕ್ತರು ಇದೂ ಒಂದು ಪದ್ಧತಿ ಇರಬೇಕೆಂದು ತಾವೂ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಮ್ಮದು ಒಳಗಿನ ನೀರು ಹೊರಗ ಹೋಗಬಾರದು, ಇವರದು ಹೊರಗಿನದು ಒಳಗ ಬರಬಾರದು. ಕೆಲಸ ಒಂದರೀ" ಎಂದ ಗೌಂಡಿ, ಮೆಟ್ಟಿಲೇರುತ್ತ.

ಅಂಚಿನ ಕಲ್ಲು ಕೂರಿಸುವಾಗ ಅವನ ನಿಜವಾದ ಕಸುಬು ಕಂಡಿತು. ಕೈಯಲ್ಲಿ ಇದ್ದದ್ದು ಒಂದು ಸಾದಾ ಲೆವಲ್ ಪೈಪು: ಪಾರದರ್ಶಕ ಕೊಳವೆ, ಒಳಗೆ ನೀರು. ಒಂದು ತುದಿ ಈ ಮೂಲೆಯಲ್ಲಿ ಅವನ ಕೈಲಿ, ಇನ್ನೊಂದು ತುದಿ ಆ ಮೂಲೆಯಲ್ಲಿ ಹುಡುಗನ ಕೈಲಿ. ಎರಡೂ ಕಡೆಯ ನೀರು ಅಲುಗಾಡುವುದು ನಿಂತ ಮೇಲೆ ಪೆನ್ಸಿಲ್ ಗುರುತು. ಮನೆಯ ನೆಲ ಅರ್ಧ ಇಂಚು ವಾಟವಾದರೆ ಯಾರಿಗೂ ತಿಳಿಯದು. ಹೊಂಡದ ಅಂಚು ಅಷ್ಟು ವಾಟವಾದರೆ ನೀರು ತುಂಬಿದ ಕ್ಷಣ ಊರಿಗೆಲ್ಲ ಕಾಣುತ್ತದೆ. ಮಾಮಾ ಕುರ್ಚಿ ಹಾಕಿಕೊಂಡು ಕೂತು ಪ್ರತಿ ಗುರುತನ್ನೂ ಮತ್ತೆ ಹಿಡಿಸಿದ. "ಇಲ್ಲಿ ನಿಂದ್ರಬೇಕು ಅಂದ್ರ ನೀರು ಇಲ್ಲೇ ನಿಂದ್ರಬೇಕು" ಎಂದು ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಿದ. ನಮ್ಮೂರಲ್ಲಿ ನೀರಿಗೆ ಹೀಗೆ ಬೆರಳಿಟ್ಟು ಜಾಗ ತೋರಿಸಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೀರು ಎಲ್ಲಿಗೆ ನಿಲ್ಲುತ್ತದೆಂದು ಬೇರೆಯವರು ತೀರ್ಮಾನಿಸುತ್ತಿದ್ದರು, ನಾವು ಸಾಮಾನು ಕಟ್ಟುತ್ತಿದ್ದೆವು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಮಾಮಾನ ತಾಯಿ, ನಮ್ಮ ಆಯಿಗೆ, ಓದಲು ಬರೆಯಲು ಬಾರದು. ಆದರೆ ಈಗ ನೀರು ನಿಲ್ಲುವ ಮಟ್ಟ ಸಮುದ್ರದಿಂದ 519.60 ಮೀಟರ್ ಎಂಬುದು ಗೊತ್ತು. 2010ರ ಡಿಸೆಂಬರಿನಲ್ಲಿ ನ್ಯಾಯಾಧಿಕರಣ 524.256ಕ್ಕೆ ಏರಿಸಬಹುದೆಂದು ಹೇಳಿದ್ದೂ ಗೊತ್ತು. ಮೊಮ್ಮಕ್ಕಳ ಹುಟ್ಟಿದ ದಿನ ಮರೆತಾಳು, ಈ ನಂಬರು ಮರೆಯಳು.

ಟೈಲ್ಸಿಗೆ ಮೊದಲು ಸೋರುವಿಕೆಯ ಪರೀಕ್ಷೆ. ಟ್ಯಾಂಕರು ಬಂದವು, ಹೊಂಡ ತುಂಬಿತು. ಗೌಂಡಿ ಒಂದು ಬಕೀಟಿನಲ್ಲಿ ಅದೇ ನೀರು ತುಂಬಿ ಹೊಂಡದ ಮೆಟ್ಟಿಲ ಮೇಲೆ ಇಟ್ಟ. ಬಕೀಟಿನ ಒಳಗೊಂದು ಗೆರೆ, ಹೊಂಡದ ಗೋಡೆಗೊಂದು ಗೆರೆ. ಬಿಸಿಲು ಇಬ್ಬರಿಗೂ ಒಂದೇ. ಆವಿಯಾಗಿ ಹೋಗುವುದು ಎರಡರಲ್ಲೂ ಸಮವಾಗಿ ಇಳಿಯಬೇಕು. ಹೊಂಡ ಹೆಚ್ಚು ಇಳಿದರೆ ಸೋರಿಕೆ. ಇಷ್ಟು ಅಗ್ಗದ, ಇಷ್ಟು ನಿರ್ದಾಕ್ಷಿಣ್ಯದ ಪರೀಕ್ಷೆ ನಾನು ಬೇರೆ ನೋಡಿಲ್ಲ. ಮಾಮಾ ರಾತ್ರಿ ಬ್ಯಾಟರಿ ಹಿಡಿದು ಹೋಗಿ ನೋಡುತ್ತಿದ್ದನಂತೆ. ಒಮ್ಮೆ ಬಕೀಟು ಕಾಣೆಯಾಯಿತು. ಅತ್ತಿ ಅಂಗಳಕ್ಕೆ ಥಳಿ ಹೊಡೆಯಲು ಒಯ್ದಿದ್ದಳು. ಮತ್ತೆ ಮೊದಲಿನಿಂದ ಗೆರೆ.

ಸೋರಲಿಲ್ಲ. ನೀಲಿ ಟೈಲ್ಸು ಬಂತು, ಪಂಪು ಬಂತು, ಉಸುಕಿನ ಫಿಲ್ಟರು ಬಂತು. ಜೊತೆಗೆ ಔಷಧದ ಡಬ್ಬಿಗಳು. ದಿನಾ ಸಂಜೆ ಪುಟ್ಟ ಶೀಸೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ಹೊಂದಿಸಿ ಕ್ಲೋರಿನ್ ಎಷ್ಟಿದೆ, ಆಮ್ಲ ಎಷ್ಟಿದೆ ನೋಡಬೇಕು. ನಮ್ಮದು ಸುಣ್ಣಕಲ್ಲಿನ ನೆಲ, ಬೋರಿನ ನೀರು ಗಡಸು. ಬಿಟ್ಟರೆ ಟೈಲ್ಸಿನ ಮೇಲೆ ಬಿಳಿ ಪದರು ಕೂರುತ್ತದೆ. ಗೌಂಡಿಗೆ ಈ ವೈದ್ಯಕೀಯ ಸೇರಲಿಲ್ಲ. ಅವನೂರ ಹತ್ತಿರದ ಮಹಾಕೂಟದ ಪುಷ್ಕರಿಣಿಯಲ್ಲಿ ಚಾಲುಕ್ಯರ ಕಾಲದಿಂದ ಜನ ಮುಳುಗೇಳುತ್ತಿದ್ದಾರೆ, ಹುಡುಗರು ಇವತ್ತಿಗೂ ಮೆಟ್ಟಿಲ ಮೇಲಿನಿಂದ ಜಿಗಿಯುತ್ತಾರೆ, ಡಬ್ಬಿ ಎಲ್ಲಿದೆ? ಡಬ್ಬಿ ಬೇಕಿಲ್ಲ, ಗುಡ್ಡದ ಒರತೆ ಇದೆ. ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ನೀರು ಅದು. ಮಾಮಾನದು ಬಂದು ಕೂತ ನೀರು. ಕೂತಲ್ಲೇ ತಿರುಗಿಸಲು ಮೋಟರು, ಮೋಟರಿಗೆ ಕರೆಂಟು, ಕರೆಂಟಿಗೆ ಬಿಲ್ಲು. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುವುದನ್ನು ಕೇಳಿದವರಿಗೆ, ಬಟ್ಟೆ ಒಗೆಯಬಾರದ, ಕೊಡ ತುಂಬಬಾರದ, ದನಕ್ಕೆ ಕುಡಿಸಬಾರದ ಹೊಂಡ ವಿಚಿತ್ರವಾಗಿಯೇ ಕಾಣುತ್ತದೆ. ನನಗೂ ಕಂಡಿತು. ಹಾಗೆಂದು ಮಾಮಾನಿಗೆ ಬುದ್ಧಿ ಹೇಳುವ ಮನಸ್ಸಾಗಲಿಲ್ಲ. ಹೋಳಿಯಲ್ಲಿ ಬಣ್ಣದ ಬಂಡಿಗಳು ಹೊರಟಾಗ ಮುಚ್ಚಲೆಂದು ಅವನು ಈಗಲೇ ದೊಡ್ಡ ತಾಡಪತ್ರಿ ತಂದಿಟ್ಟಿದ್ದಾನೆ. ಅಷ್ಟು ಮುಂದಾಲೋಚನೆ ಇರುವವನಿಗೆ ನಾನೇನು ಹೇಳಲಿ.

ಕಡೆಗೂ ಪೂಜೆಯ ದಿನ ಬಂತು. ಗಂಗೆಗೆ ಅರಿಶಿನ ಕುಂಕುಮ ಹಾಕುತ್ತೇನೆಂದ ಅತ್ತಿಯನ್ನು ಮಾಮಾ ಫಿಲ್ಟರಿನ ನೆಪ ಹೇಳಿ ತಡೆದ. ಅವಳು ಕೇಳಲಿಲ್ಲ, ಹಾಕಿದಳು. ಮೊಮ್ಮಕ್ಕಳು ದಬದಬ ಜಿಗಿದರು. ಮಾಮಾ ಧೋತರ ಕಚ್ಚೆ ಕಟ್ಟಿ ಇಳಿದು, ನಾಲ್ಕು ಕೈ ಹೊಡೆಯುವಷ್ಟರಲ್ಲಿ ಆಚೆ ಗೋಡೆಗೆ ತಲೆ ತಾಗಿಸಿಕೊಂಡ. ಘಟಪ್ರಭೆಯ ಅಳತೆಯಲ್ಲಿ ಕಲಿತ ಕೈಗೆ ಇಪ್ಪತ್ತಡಿ ಎಲ್ಲಿ ಸಾಲಬೇಕು.

ಆಯಿಯನ್ನು ಕುರ್ಚಿ ಸಮೇತ ಎತ್ತಿ ತಂದು ದಂಡೆಯ ಮೇಲೆ ಕೂರಿಸಿದ್ದೆವು. ಬಹಳ ಹೊತ್ತು ನೋಡಿದಳು. ಆಮೇಲೆ ಗೌಂಡಿಯನ್ನು ಹತ್ತಿರ ಕರೆದಳು.

"ಇದು ಎಷ್ಟ ಮೀಟರ್ ಐತೋ ತಮ್ಮಾ?"

"ಒಂದು ಮೀಟರ್ ಮೂವತ್ತೇಳು, ಯವ್ವಾ."

"ಇಷ್ಟಕ್ಕ ನಿಂದ್ರಸ್ತೀರೋ," ಎಂದಳು ಆಯಿ, "ಮುಂದ ಏರಸ್ತೀರೋ?"