ಅಥಣಿಯ ಕೈಗಳು

ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ ಅಥಣಿ ಇದೆ. ಕೃಷ್ಣೆಯ ನೀರುಂಡು ಬೆಳೆಯುವ ಕಬ್ಬು ಈ ತಾಲ್ಲೂಕಿನ ಸಂಪತ್ತು. ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ ಊರಿನ ಹಿರಿಮೆ. ಆದರೆ ಅಥಣಿಯ ಹೆಸರನ್ನು ದೂರದೇಶಗಳಿಗೆ ಒಯ್ದುದು ಇಲ್ಲಿಯ ಚಪ್ಪಲಿ. ಕೊಲ್ಹಾಪುರಿಯೆಂದು ಲೋಕಪ್ರಸಿದ್ಧವಾದ ಈ ಪಾದರಕ್ಷೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಪಾಲು ಪಡೆಯಿತು.

ಈ ಚಪ್ಪಲಿ ಕೈಯ ಸೃಷ್ಟಿ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ತೊಗಲನ್ನು ಒಂದು ಕೈ ಬಿಗಿಹಿಡಿದರೆ ಇನ್ನೊಂದು ಕತ್ತರಿಸುತ್ತದೆ. ಮೊಳೆಯ ಹಂಗಿಲ್ಲದೆ, ತೊಗಲಿನ ದಾರದಿಂದಲೇ ಅಟ್ಟೆಗಳು ಹೊಲಿಗೆಗೊಳ್ಳುತ್ತವೆ. ಕಿರಿಯ ಪಟ್ಟಿಗಳನ್ನು ಜಡೆಯಂತೆ ಹೆಣೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದು.

ಇಂಥ ಊರಿನಲ್ಲಿ ಲಕ್ವ ಹೊಡೆದು ಕೈಯೊಂದು ಬಿದ್ದುಹೋಯಿತೆಂದರೆ ಅದು ಮನೆಯ ರೊಟ್ಟಿಗೇ ಬಿದ್ದ ಪೆಟ್ಟು. ನಿಜವಾಗಿ ನೋಡಿದರೆ, ಕೆಟ್ಟಿರುವುದು ಕೈಯಲ್ಲ. ಅದನ್ನು ನಡೆಸುವ ಮೆದುಳಿನ ಭಾಗ. ಸತ್ತ ಭಾಗ ಮರಳಿ ಹುಟ್ಟದು. ಆದರೆ ಉಳಿದ ಮೆದುಳು ಆ ಕೆಲಸವನ್ನು ಎಷ್ಟೋ ಮಟ್ಟಿಗೆ ಕಲಿಯಬಲ್ಲುದು. ಅದಕ್ಕೆ ಕಲಿಸುವ ಗುರುವೂ ಕೈಯೇ.

ಅನೇಕರಲ್ಲಿ ಹಿಡಿಯುವ ಶಕ್ತಿ ಮೊದಲು ಮರಳುತ್ತದೆ. ಹಿಡಿದುದನ್ನು ಬಿಡಲು ಬೆರಳು ಬಿಚ್ಚುವುದೇ ಕಷ್ಟ. ಬೇಸತ್ತು ಎಲ್ಲವನ್ನೂ ಒಳ್ಳೆಯ ಕೈಯಿಂದಲೇ ಮಾಡಿಕೊಂಡರೆ, ಸೋತ ಕೈ ಉಳಿದಿದ್ದ ಅಲ್ಪ ಚಲನೆಯನ್ನೂ ಮರೆಯುತ್ತದೆ. ಇದನ್ನು ಗುರುತಿಸಿದ ಅಮೆರಿಕದ ಎಡ್ವರ್ಡ್ ಟೌಬ್ ರೂಪಿಸಿದ ಚಿಕಿತ್ಸೆಯಲ್ಲಿ, ಒಳ್ಳೆಯ ಕೈಗೆ ಗವಸು ತೊಡಿಸಿ ಸೋತ ಕೈಯಿಂದಲೇ ದಿನವೆಲ್ಲ ದುಡಿಸುತ್ತಾರೆ. 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವಾರಗಳ ಈ ಅಭ್ಯಾಸದ ಫಲ ವರ್ಷ ಕಳೆದರೂ ಉಳಿದಿತ್ತು. ಮಣಿಕಟ್ಟು, ಬೆರಳುಗಳಲ್ಲಿ ಕೊಂಚವಾದರೂ ಚಲನೆಯಿರುವವರಿಗೆ ಮಾತ್ರ ಇದು ಸಲ್ಲುತ್ತದೆ. ವೈದ್ಯರ ಹಾಗೂ ಫಿಸಿಯೋಥೆರಪಿ ಬಲ್ಲವರ ಮಾರ್ಗದರ್ಶನವೂ ಅವಶ್ಯ.

ಮನೆಯವರ ಪಾಲೂ ಇಲ್ಲಿ ಸಣ್ಣದಲ್ಲ. ಅಕ್ಕರೆಯಿಂದ ತುತ್ತಿಟ್ಟು, ಗುಂಡಿ ಹಾಕಿ, ಲೋಟ ಎತ್ತಿಕೊಡುವವರು ತಿಳಿಯದೆಯೇ ಕೈಯ ಅಭ್ಯಾಸವನ್ನು ಕಸಿಯುತ್ತಾರೆ. ತಟ್ಟೆಯನ್ನು ಒತ್ತಿಹಿಡಿಯಲಿ, ಶೇಂಗಾ ಸುಲಿಯಲಿ, ಮೆತ್ತನೆಯ ಪಟ್ಟಿಯೊಂದನ್ನು ಹೆಣೆಯಲಿ. ಸ್ಪರ್ಶ ಮಂದವಾಗಿರುವ ಕೈಗೆ ಹರಿತವಾದುದನ್ನೂ ಬಿಸಿಯಾದುದನ್ನೂ ಮಾತ್ರ ಕೊಡಬಾರದು.

ಕಸುಬಿನ ಊರಿಗೆ ಈ ಪಾಠ ಹೊಸದಲ್ಲ. ಹೊಸಬನ ಹೆಣಿಗೆ ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಹೆಣೆಯಿಸುವುದೇ ಕಸುಬು ಕಲಿಸುವ ರೀತಿ. ಆ ತಾಳ್ಮೆಗೆ, ಎರಡನೆಯ ಸಲ ಕಲಿಯುವ ಕೈಯೂ ಹಕ್ಕುದಾರನೇ.